ರಿಪೋರ್ಟ್‌ನಲ್ಲಿ ‘ಗ್ರೂಪ್ ಎ ಬೀಟಾ ಹೀಮೊಲಿಟಿಕ್ ಸ್ಟ್ರೆಪ್ಟೊಕಾಕಸ್’ ಅಂತಿದೆ, ಹಾಗಂದ್ರೆ ಏನು?

ಹೆಸರು ಉದ್ದವಾಗಿದೆ, ಆದರೆ ಬಿಡಿಸಿ ನೋಡಿದರೆ ಸುಲಭ. ಗ್ರೀಕ್‌ನಲ್ಲಿ ‘ಸ್ಟ್ರೆಪ್ಟೊಸ್’ ಎಂದರೆ ಹೆಣೆದದ್ದು, ತಿರುಚಿದ್ದು. ‘ಕೊಕ್ಕೊಸ್’ ಎಂದರೆ ಕಾಳು. ಮೈಕ್ರೋಸ್ಕೋಪಿನಲ್ಲಿ ಈ ಬ್ಯಾಕ್ಟೀರಿಯಾ ಮಣಿಸರದ ಹಾಗೆ ಕಾಣುತ್ತದೆ, ಅದಕ್ಕೇ ಈ ಹೆಸರು. 1874ರಲ್ಲಿ ಇದನ್ನು ಕೊಟ್ಟವರು ಥಿಯೊಡೋರ್ ಬಿಲ್‌ರೋತ್ ಎಂಬ ಸರ್ಜನ್.

‘ಹೀಮೊಲಿಟಿಕ್’ ಎಂದರೆ ರಕ್ತಕಣ ಒಡೆಯುವಂಥದ್ದು. ಸುಮ್ನೆ ಹೆದರಬೇಡಿ, ಇದು ನಿಮ್ಮ ರಕ್ತದ ಮಾತಲ್ಲ. ಲ್ಯಾಬ್‌ನಲ್ಲಿ ರಕ್ತ ಬೆರೆಸಿದ ತಟ್ಟೆಯ ಮೇಲೆ ಇದನ್ನು ಬೆಳೆಸುತ್ತಾರೆ. ಸುತ್ತಲಿನ ಕೆಂಪು ಕಣಗಳೆಲ್ಲ ಒಡೆದು ಜಾಗ ತಿಳಿಯಾದರೆ ಅದು ಬೀಟಾ. ಅರೆಬರೆ ಒಡೆದು ಹಸಿರು ಛಾಯೆ ಬಂದರೆ ಆಲ್ಫಾ. ಏನೂ ಒಡೆಯದಿದ್ದರೆ ಗಾಮಾ. (ಏನೂ ಮಾಡದ್ದಕ್ಕೂ ಒಂದು ಹೆಸರು!)

‘ಗ್ರೂಪ್ ಎ’ ಎನ್ನುವುದು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಮಾಡಿದ ವಿಂಗಡಣೆ. ಬ್ಯಾಕ್ಟೀರಿಯಾದ ಗೋಡೆಯಲ್ಲಿರುವ ಸಕ್ಕರೆ ಅಂಶ ನೋಡಿ ಎ, ಬಿ, ಸಿ ಎಂದು ಗುಂಪು ಮಾಡಿದರು. ಗ್ರೂಪ್ ಎ ಎಂದರೆ ಸಾಮಾನ್ಯವಾಗಿ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್, ಅಂದರೆ ಕೀವು ಹುಟ್ಟಿಸುವ ಜಾತಿ. ಗಂಟಲುನೋವು, ಚರ್ಮದ ಸೋಂಕು ಇದರಿಂದ ಬರುತ್ತವೆ. ಪೆನಿಸಿಲಿನ್‌ಗೆ ಇದು ಇವತ್ತಿಗೂ ಬಗ್ಗುತ್ತದೆ. ಆದರೆ ನೋವು ಹೋಯಿತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಸರಿಯಾಗಿ ವಾಸಿಯಾಗದಿದ್ದರೆ, ಮುಖ್ಯವಾಗಿ ಮಕ್ಕಳಲ್ಲಿ, ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಡಬಹುದು.

ಇನ್ನೊಂದು ಗೊಂದಲ: ‘ಸ್ಟ್ರೆಪ್ಟೊಮೈಸಿನ್’ ಈ ಬ್ಯಾಕ್ಟೀರಿಯಾದ ಔಷಧ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಅದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು, ಹೆಸರು ಪಡೆದದ್ದು ಕ್ಷಯರೋಗದ ಚಿಕಿತ್ಸೆಯಲ್ಲಿ.