ನಮ್ಮ ನಾಯಿ ಕೋಳಿಯನ್ನು ಕೊಂದಿದೆ. ರಕ್ತದ ರುಚಿ ಹತ್ತಿದ ನಾಯಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ?

ನಿಮ್ಮ ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ನಮ್ಮ ಹಿತ್ತಿಲು ಕಣ್ಣ ಮುಂದೆ ಬಂದು ನಿಂತಿತು. ಪೇಟೆಯಿಂದ ಹಳ್ಳಿಮನೆಗೆ ಬಂದ ನಿಮ್ಮ ಎರಡು ವರ್ಷದ ನಾಯಿ, ಹಾಡಹಗಲೇ ಸತ್ತ ಒಂದು ಹೇಂಟೆ, ‘ರುಚಿ ಹತ್ತಿತು, ಇನ್ನು ಇದು ಬಿಡುವುದಿಲ್ಲ’ ಎನ್ನುವ ಅತ್ತೆಯವರು, ಊಟ ಬಿಟ್ಟು ಮೂಲೆ ಹಿಡಿದ ಮಗ. ರಾತ್ರಿ ಹಗಲು ಕಟ್ಟಿಹಾಕುವುದೋ, ಯಾರಿಗಾದರೂ ಕೊಟ್ಟುಬಿಡುವುದೋ ಎಂದು ಕೇಳಿದ್ದೀರಿ. ಎರಡೂ ಬೇಡ. ಮೊದಲನೆಯದನ್ನು ಮಾಡಿ ಒಂದೇ ರಾತ್ರಿಯಲ್ಲಿ 11 ಕೋಳಿ ಕಳೆದುಕೊಂಡವನು ನಾನು.

ನಮ್ಮ ನಾಯಿಯ ಹೆಸರು ಕೆಂಚ. ಆಗ ನಮ್ಮಲ್ಲಿ 14 ಕೋಳಿಗಳಿದ್ದವು, ಹುಂಜವನ್ನೂ ಸೇರಿಸಿ. ಮಗಳಿಗೆ ಏಳು ವರ್ಷ, ಅಷ್ಟಕ್ಕೂ ಹೆಸರಿಟ್ಟಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳ ಸೈಕಲ್ ಗೋಡೆಗೆ ಒರಗಿಸಿದ್ದು ಜಾರಿ ದಡಾರನೆ ಬಿತ್ತು. ಪಕ್ಕದಲ್ಲೇ ಮಣ್ಣು ಕೆದಕುತ್ತಿದ್ದ ಚುಕ್ಕಿ ಎಂಬ ಹೇಂಟೆ ಬೆಚ್ಚಿ, ಅರ್ಧ ಹಾರಿ ಅರ್ಧ ಓಡಿ, ಅಂಗಳದ ಉದ್ದಕ್ಕೂ ಕಿರುಚುತ್ತಾ ಹೋಯಿತು. ನೆರಳಿನಲ್ಲಿ ತೂಕಡಿಸುತ್ತಿದ್ದ ಕೆಂಚ ಎದ್ದದ್ದೂ ಕಾಣಲಿಲ್ಲ. ಮೂರು ನೆಗೆತ, ಒಂದು ಸಲ ತಲೆ ಕೊಡವಿದ್ದು, ಮುಗಿಯಿತು.

ಆಮೇಲೆ ಅದು ಮಾಡಿದ್ದನ್ನು ಗಮನವಿಟ್ಟು ಓದಿ, ನಿಮ್ಮ ನಾಯಿಯೂ ಹೀಗೇ ಮಾಡಿರಬಹುದು. ಕೋಳಿಯನ್ನು ನೆಲಕ್ಕಿಟ್ಟಿತು. ಮೂತಿಯಿಂದ ಒಮ್ಮೆ ನೂಕಿತು. ಇನ್ನೊಮ್ಮೆ ನೂಕಿ, ಮುಂಗಾಲು ಬಗ್ಗಿಸಿ, ಬಾಲ ಎತ್ತಿ ಕಾಯುತ್ತಾ ನಿಂತಿತು, ಎದ್ದು ಓಡಲಿ ಎಂಬಂತೆ. ಓಡಲಿಲ್ಲ. ಕೆಂಚನಿಗೆ ಬೇಸರವಾಯಿತು, ನೀರು ಕುಡಿಯಲು ಹೋಯಿತು. ಒಂದು ತುಣುಕು ತಿನ್ನಲಿಲ್ಲ. ಕತ್ತು ಮುರಿದಿತ್ತೇ ಹೊರತು ಅಲ್ಲಿ ರಕ್ತವೇ ಇರಲಿಲ್ಲ. ಇಲ್ಲದ ರಕ್ತದ ರುಚಿ ಹತ್ತುವುದು ಹೇಗೆ? ಆದರೆ ಅಂದು ನಾನೂ ನಿಮ್ಮ ಅತ್ತೆಯವರ ಮಾತನ್ನೇ ಆಡಿದೆ. ಅರ್ಧ ಗಂಟೆಯ ನಂತರ ಟವೆಲ್ ಮಡಿಸಿ ನಾಲ್ಕು ಬಾರಿಸಿದೆ ಕೂಡ. ಅರ್ಧ ಗಂಟೆಯ ಹಿಂದಿನ ಕೋಳಿಗೂ ಈಗ ಬೀಳುವ ಏಟಿಗೂ ನಾಯಿ ಗಂಟು ಹಾಕುವುದಿಲ್ಲ. ಅದಕ್ಕೆ ತಿಳಿಯುವುದು ಇಷ್ಟೇ: ಯಜಮಾನ ಹತ್ತಿರ ಬಂದರೆ ನೋವಾಗುತ್ತದೆ. ಅದಾದ ಮೇಲೆ ಒಂದು ವಾರ ಕೆಂಚ ಕರೆದರೆ ಹೊಟ್ಟೆ ನೆಲಕ್ಕೆ ಒತ್ತಿಕೊಂಡು ತೆವಳುತ್ತಾ ಬರುತ್ತಿತ್ತು. ನೆರೆಯವರೊಬ್ಬರು ಸತ್ತ ಕೋಳಿಯನ್ನೇ ಅದರ ಕೊರಳಿಗೆ ಕಟ್ಟಿ, ನಾಚಿಕೆಯಿಂದ ಬುದ್ಧಿ ಬರುತ್ತದೆ ಎಂದರು. ಕಟ್ಟಿದೆ. ಅದು ಬಹುಮಾನ ಸಿಕ್ಕಂತೆ ಮೆರೆಯಿತು.

ಇಷ್ಟೂ ಸಣ್ಣ ದಡ್ಡತನಗಳು. ದೊಡ್ಡದು ಅಂದು ಸಂಜೆ ನಡೆಯಿತು.

ನಮ್ಮ ಕೋಳಿಗೂಡು ಹಿತ್ತಿಲಿನಲ್ಲಿ, ಮೂರು ಕಡೆ ಗೋಡೆ, ಮುಂದುಗಡೆ ಮರದ ಚೌಕಟ್ಟಿಗೆ ಹೊಡೆದ ಜಾಲರಿ, ಒಂದು ಹಲಗೆ ಬಾಗಿಲು. ಕೆಂಚ ಬಂದ ಲಾಗಾಯ್ತು ಮಲಗುತ್ತಿದ್ದುದು ಆ ಬಾಗಿಲಿನ ಬುಡದಲ್ಲಿ. ಅಲ್ಲಿನ ಮಣ್ಣನ್ನು ಕೆರೆದು ಕೆರೆದು ತನ್ನ ಮೈಗೆ ಸರಿಯಾದ ಗುಳಿ ಮಾಡಿಕೊಂಡಿತ್ತು. ಕಾವಲಿಗಾಗಿ ಮಲಗುತ್ತಿತ್ತು ಎಂದು ಕಥೆ ಕಟ್ಟುವುದಿಲ್ಲ. ಮಣ್ಣು ತಂಪಾಗಿತ್ತು, ಅಷ್ಟೇ. ಆದರೆ ಹಾಗೆ ಕೆರೆದದ್ದರಿಂದ ಬಾಗಿಲಿನ ಅಡಿಯಲ್ಲಿ ಸಂದು ಬಿದ್ದಿತ್ತು. ಒಂದು ಮೊಳ ಅಗಲ, ನಾಲ್ಕು ಬೆರಳು ಎತ್ತರ. ಆ ಸಂದು ನನ್ನ ಕಣ್ಣಿಗೆ ಒಂದು ದಿನವೂ ಬಿದ್ದಿರಲಿಲ್ಲ, ಯಾಕೆಂದರೆ ರಾತ್ರಿ ಅದರ ತುಂಬ ಕೆಂಚನ ಬೆನ್ನು ಇರುತ್ತಿತ್ತು. ಹಗಲಿನಲ್ಲಿ ಬಾಗಿಲು ಹಾರುಹೊಡೆದಿರುತ್ತಿತ್ತು, ಸಂದು ಎಂಬುದೇ ಇರುತ್ತಿರಲಿಲ್ಲ. ಅಂದರೆ ನಮ್ಮ ಗೂಡಿಗೆ ನಾಲ್ಕನೆಯ ಗೋಡೆಯ ಅರ್ಧ ಭಾಗ ಆ ನಾಯಿಯೇ ಆಗಿತ್ತು. ಸಂದು ಮಾಡಿದ್ದೂ ಅದೇ, ಮುಚ್ಚುತ್ತಿದ್ದುದೂ ಅದೇ. ಆ ಸಂಜೆ ನಾನು ಅದನ್ನು ಕೊರಳುಪಟ್ಟಿ ಹಿಡಿದು ಎಳೆದುಕೊಂಡು ಹೋಗಿ, ಮನೆಯ ಮುಂದಿನ ಜಗಲಿಯ ಕಂಬಕ್ಕೆ ಸರಪಳಿ ಬಿಗಿದೆ. ಕೋಳಿಗಳಿಂದ ಆದಷ್ಟು ದೂರ ಇರಲಿ ಎಂಬ ಲೆಕ್ಕ.

ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ. ಹೆಂಡತಿ ಈ ಭಾಗವನ್ನು ನನ್ನ ಬಾಯಲ್ಲಿ ನೂರು ಸಲ ಕೇಳಿ ಎದ್ದುಹೋಗುತ್ತಾಳೆ, ನೀವು ಕೂತಿರಿ. ಕೆಂಚ ಕೊಂದದ್ದು ಹಗಲಿನಲ್ಲಿ, ಕೊಂದದ್ದು ಓಡುವ ಕೋಳಿಯನ್ನು. ನೋಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು: ಬೇಟೆ ಎಂಬುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಸಾಕುನಾಯಿಗಳಲ್ಲಿ ಎಲ್ಲ ಮೆಟ್ಟಿಲುಗಳೂ ಒಂದೇ ಗಟ್ಟಿಯಾಗಿ ಉಳಿದಿಲ್ಲ. ಕುರಿ ಅಟ್ಟುವ ತಳಿಗಳಲ್ಲಿ ಮನುಷ್ಯ ಮೊದಲ ಮೂರನ್ನು ಬೆಳೆಸಿ ಕೊನೆಯವನ್ನು ಕುಗ್ಗಿಸಿದ್ದಾನೆ. ನಮ್ಮಂಥವರ ಮನೆಯ ನಾಯಿಗೆ ಅಟ್ಟುವುದರಲ್ಲೇ ಸುಖ. ಹಿಡಿದಾಗ ಕೋಳಿಯ ಕತ್ತು ತಡೆಯುವುದಿಲ್ಲ. ಈ ಸರಣಿಗೆ ಕಿಡಿ ಹಚ್ಚುವುದು ಓಟ ಮತ್ತು ರೆಕ್ಕೆಯ ಬಡಿತ. ರಾತ್ರಿ ಕೋಳಿಗೆ ಕಣ್ಣು ಕಾಣುವುದು ಕಡಿಮೆ, ಅಡ್ಡಗೋಲಿನ ಮೇಲೆ ಗುಬುರು ಹಾಕಿಕೊಂಡು ಕೂತರೆ ಬೆಳಗಿನವರೆಗೂ ಅಲುಗುವುದಿಲ್ಲ. ಅಲುಗದ ಕೋಳಿ ಕೆಂಚನ ಮಟ್ಟಿಗೆ ಒಂದು ಚೀಲ. ಎಷ್ಟೋ ತಿಂಗಳು ಅವುಗಳಿಂದ ಒಂದು ಗೇಣು ಆಚೆ ಗೊರಕೆ ಹೊಡೆದ ನಾಯಿ ಅದು. ಹಗಲಿನ ತಪ್ಪಿಗೆ ನಾನು ರಾತ್ರಿ ಕಾವಲು ಕಿತ್ತೆ. ಹಗಲಿನಲ್ಲಿ, ಎಲ್ಲಿ ನಿಜವಾಗಿ ಹಗ್ಗ ಬೇಕಿತ್ತೋ ಅಲ್ಲಿ, ಪಾಪ ಎಂದು ಬಿಟ್ಟುಬಿಡುತ್ತಿದ್ದೆ!

ಎರಡು ರಾತ್ರಿ ಏನೂ ಆಗಲಿಲ್ಲ. ಮೂರನೆಯ ರಾತ್ರಿ ಒಂದೂವರೆಯ ಸುಮಾರಿಗೆ ಕೆಂಚ ಬೊಗಳಲು ಶುರುಮಾಡಿತು. ಸರಪಳಿ ಕಂಬಕ್ಕೆ ಬಡಿಯುವ ಸದ್ದು. ಕಟ್ಟಿದ್ದಕ್ಕೆ ಹಟ ಮಾಡುತ್ತಿದೆ ಎಂದುಕೊಂಡೆ. ಟಾರ್ಚ್ ಹಿಡಿದು ಜಗಲಿಗೆ ಬಂದೆ. ಅದು ನನ್ನ ಕಡೆ ನೋಡಲಿಲ್ಲ, ಮನೆಯ ಮೂಲೆಯ ಕಡೆಗೇ ಸರಪಳಿ ಎಳೆದುಕೊಂಡು ಹಿಂಗಾಲಿನ ಮೇಲೆ ನಿಂತಿತ್ತು. ‘ಸುಮ್ಮನಿರು’ ಎಂದು ಗದರಿದೆ. ಒಳಗೆ ಬಂದು ಕಿಟಕಿ ಮುಚ್ಚಿ ಮಲಗಿದೆ. ಕಿಟಕಿ ಮುಚ್ಚಿದ್ದನ್ನು ಎಷ್ಟೋ ದಿನ ಮನೆಯಲ್ಲಿ ಹೇಳಲಿಲ್ಲ.

ಬೆಳಗ್ಗೆ ಗೂಡು ತೆರೆದವರು ಅಮ್ಮ. ಕೂಗಲಿಲ್ಲ, ಬಂದು ನನ್ನನ್ನು ಎಬ್ಬಿಸಿ, ‘ಮಗು ಏಳುವ ಮೊದಲು ಬಾ’ ಎಂದರು. ಉಳಿದಿದ್ದ 13ರಲ್ಲಿ ಎರಡು ಮಾತ್ರ ಮಾಡಿನ ತೀರಾ ಹತ್ತಿರದ ಗೋಲಿನ ಮೇಲೆ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಹತ್ತು ನೆಲದ ಮೇಲೆ. ಒಂದು ಕಾಣೆ. ಸತ್ತವುಗಳ ಕತ್ತಿನಲ್ಲಿ ಹಲ್ಲಿನ ಗುರುತು, ಮೈಯೆಲ್ಲ ಇದ್ದಂತೆಯೇ ಇತ್ತು. ಹೊತ್ತೊಯ್ದದ್ದು ಒಂದನ್ನು. ಹಸಿವಿಗೆ ಒಂದು ಸಾಲದೇ, ಹತ್ತನ್ನು ಯಾಕೆ ಕೊಂದಿತು ಎಂದು ಹೆಂಡತಿ ಕೇಳಿದಳು. ಅದೇ ಸರಣಿ. ಬಯಲಿನಲ್ಲಾದರೆ ಒಂದನ್ನು ಹಿಡಿದಾಗ ಉಳಿದವು ಹಾರಿಹೋಗುತ್ತವೆ. ಗೂಡಿನಲ್ಲಿ ಹೋಗಲು ದಾರಿಯಿಲ್ಲ; ರೆಕ್ಕೆ ಬಡಿಯುತ್ತಿರುವ ತನಕ ಬೇಟೆ ಪ್ರಾಣಿಯ ಬಾಯಿ ನಿಲ್ಲುವುದಿಲ್ಲ. ಕೆಂಚನದ್ದೂ ಅದೇ ಹುಟ್ಟುಗುಣ, ಬಂದವನದ್ದೂ ಅದೇ. ವ್ಯತ್ಯಾಸವೆಂದರೆ ಒಂದನ್ನು ಹಗ್ಗ ಹಿಡಿದು ಕಲಿಸಬಹುದು.

ಬಂದವನು ಯಾರು ಎಂಬುದು ಮಾರನೆಯ ರಾತ್ರಿ ಗೊತ್ತಾಯಿತು. ಸಂದಿಗೆ ಕಲ್ಲು ಜೋಡಿಸಿ, ಕೆಂಚನನ್ನು ಬಿಚ್ಚಿ, ನಾನು ಹಿತ್ತಿಲ ಕದದ ಹಿಂದೆ ಕೂತೆ. ಬೂದು ಮೈ, ಬೆನ್ನುದ್ದ ಚುಕ್ಕೆ ಸಾಲು, ಬಾಲಕ್ಕೆ ಬಳೆ ತೊಡಿಸಿದಂತೆ ಕಪ್ಪು ಪಟ್ಟೆ: ಪುನುಗು ಬೆಕ್ಕು. ನಿನ್ನೆಯ ದಾರಿಯಲ್ಲೇ ಬಂದಿತ್ತು. ಕೆಂಚ ಗುಳಿಯಿಂದ ಎದ್ದಿತು, ಒಂದು ಗಳಿಗೆ ಕತ್ತಲಲ್ಲಿ ಎರಡೂ ಸುತ್ತಿಕೊಂಡವು, ಮತ್ತೆ ಪುನುಗು ಬೇಲಿ ದಾಟಿತ್ತು. ಕೆಂಚನ ಮೂತಿಯಲ್ಲಿ ಎರಡು ತೂತು.

ಇಲ್ಲಿ ನಿಮ್ಮನ್ನು ಒಂದು ಮಾತು ಕೇಳಬೇಕು: ನಿಮ್ಮ ನಾಯಿಗೆ ರೇಬಿಸ್ ಲಸಿಕೆ ಆಗಿದೆಯೇ? ಪ್ರಶ್ನೆಯಲ್ಲಿ ಎಲ್ಲೂ ಬರೆದಿಲ್ಲ. ಹಳ್ಳಿಮನೆಯ ನಾಯಿಗೆ ಕಾಡುಪ್ರಾಣಿಯ ಹಲ್ಲು ಇಂದಲ್ಲ ನಾಳೆ ತಾಗುತ್ತದೆ. ಲಸಿಕೆ ಆಗಿದ್ದರೂ ಹೀಗೆ ಕಚ್ಚಿಸಿಕೊಂಡಾಗ ಪಶುವೈದ್ಯರ ಬಳಿ ಹೋಗಿ ಮತ್ತೊಂದು ಹಾಕಿಸಬೇಕು, ನಾನು ಬೆಳಗಾಗುತ್ತಲೇ ಹೋದೆ. ಮನುಷ್ಯರಿಗೆ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ. ನಾಯಿ ಕೊಡಬೇಕೇ ಬೇಡವೇ ಎಂಬ ಚರ್ಚೆಗಿಂತ ಇದು ಮೊದಲು.

ಇನ್ನು ಗೂಡು. ಆರು ಮೂಲೆಯ ತೆಳು ತಂತಿಯ ಕೋಳಿ ಜಾಲರಿ ಇದೆಯಲ್ಲ, ಅದು ಕೋಳಿಯನ್ನು ಒಳಗಿಡಲು ಆಗುತ್ತದೆ, ಹೊರಗಿನವರನ್ನು ತಡೆಯಲು ಅಲ್ಲ, ಹಲ್ಲಿಗೆ ಹರಿಯುತ್ತದೆ. ಬೆಸುಗೆ ಹಾಕಿದ ಚೌಕ ಜಾಲರಿ, ಅರ್ಧ ಇಂಚಿನ ಕಣ್ಣಿನದು, ಅದೇ ಬೇಕು. ಗೋಡೆಯ ಬುಡದ ಸುತ್ತ ಒಂದು ಅಡಿ ಅಗಲದ ಜಾಲರಿಯನ್ನು ನೆಲದ ಮೇಲೆ ಹೊರಮುಖವಾಗಿ ಹಾಸಿ ಮಣ್ಣು ಮುಚ್ಚಿದ್ದೇವೆ. ತೋಡುವ ಪ್ರಾಣಿ ಗೋಡೆಗೆ ತಾಗಿಕೊಂಡೇ ತೋಡುತ್ತದೆ, ಉಗುರಿಗೆ ತಂತಿ ಸಿಕ್ಕರೆ ಒಂದಡಿ ಹಿಂದೆ ಸರಿದು ಮತ್ತೆ ತೋಡುವ ಉಪಾಯ ಅದಕ್ಕೆ ಹೊಳೆಯುವುದು ಕಡಿಮೆ. ಬಾಗಿಲ ಕೆಳಗೆ ಗಟ್ಟಿ ಹೊಸ್ತಿಲು ಹಾಕಿಸಿದೆ. ಕೆಂಚನಿಗೆ ಪಕ್ಕದಲ್ಲಿ ಬೇರೆ ಗುಳಿ ತೋಡಿಕೊಟ್ಟೆ. ಒಂದು ದಿನ ಮುಖ ಸೊಟ್ಟ ಮಾಡಿಕೊಂಡು ಆಮೇಲೆ ಒಪ್ಪಿಕೊಂಡಿತು.

ನಿಮ್ಮ ನಾಯಿಗೆ ಕಲಿಸುವ ವಿಚಾರ. ಹಗಲಿನಲ್ಲಿ ಉದ್ದ ಹಗ್ಗ ಹಾಕಿ, ಕೋಳಿಗಳಿಂದ 30 ಹೆಜ್ಜೆ ದೂರ ಕೂರಿಸಿಕೊಳ್ಳಿ. ಅದು ಕೋಳಿಯನ್ನು ನೋಡುತ್ತದೆ, ನೋಡಲಿ. ಕಿವಿ ಮುಂದಾಗಿ, ಮೈ ಕಲ್ಲಿನಂತೆ ಬಿಗಿಯಾಯಿತೋ, ಹೊಂಚು ಶುರುವಾಯಿತು ಎಂದು ಅರ್ಥ. ನೀವು ತಡಮಾಡಿದಿರಿ, ಇನ್ನೂ ಹತ್ತು ಹೆಜ್ಜೆ ಹಿಂದೆ ಬನ್ನಿ. ತಾನಾಗಿ ಕಣ್ಣು ತೆಗೆದು ನಿಮ್ಮ ಕಡೆ ತಿರುಗಿದ ಕ್ಷಣದಲ್ಲಿ ಅದಕ್ಕೆ ಪ್ರಾಣವಾದ ತಿನಿಸು ಬಾಯಿಗೆ ಹೋಗಬೇಕು. ಆ ಕ್ಷಣದಲ್ಲಿ, ನಂತರ ಅಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ನಮಗೆ ನಾಲ್ಕು ತಿಂಗಳು ಹಿಡಿಯಿತು. ಕೋಳಿ ಕಾಯುವ ನಾಯಿಗಳನ್ನು ಮೂರು ವಾರದಿಂದ ಮೂರು ತಿಂಗಳ ಎಳೆಪ್ರಾಯದಲ್ಲೇ ಹಿಂಡಿನ ಜೊತೆ ಬಿಟ್ಟು ಬೆಳೆಸುತ್ತಾರೆ. ನಿಮ್ಮದಕ್ಕೆ ಆ ಕಾಲ ದಾಟಿದೆ, ಹಾಗಾಗಿ ನಿಧಾನ. ಹುಡುಕಾಡಿ ತಿನ್ನುವ ಹೇಂಟೆಯ ಮಾತಾದರೆ ಸರಿ, ಮರಿಗಳ ಮಾತು ಬೇರೆ. 21 ದಿನ ಕಾವು ಕೂತ ಹೇಂಟೆ ಮರಿಗಳನ್ನು ಇಳಿಸಿಕೊಂಡು ಅಂಗಳಕ್ಕೆ ಬಂತೆಂದರೆ, ಆ ಪುಟುಪುಟು ಓಟವನ್ನು ನೋಡಿ ಸುಮ್ಮನಿರುವ ನಾಯಿಯನ್ನು ನಾನಂತೂ ನಂಬುವುದಿಲ್ಲ. ಕೆಂಚನನ್ನೂ ನಂಬುವುದಿಲ್ಲ. ಮರಿಗಳಿರುವಾಗ ನಡುವೆ ಬೇಲಿ ಇರುತ್ತದೆ, ಮಾತಿಲ್ಲ.

ಬೇರೆಯವರಿಗೆ ಕೊಟ್ಟುಬಿಡುವ ಯೋಚನೆ ನನಗೆ ಸುತರಾಂ ಒಪ್ಪಿಗೆಯಿಲ್ಲ. ಅವರ ಮನೆಯ ಸುತ್ತ ಕೋಳಿ ಇರುವುದಿಲ್ಲವೇ? ನಿಮ್ಮ ನಾಯಿ ಜಾಲರಿ ಹರಿದು, ರಾತ್ರಿ ಒಳಗೆ ನುಗ್ಗಿ, ಒಂದರ ಹಿಂದೆ ಒಂದು ಕೊಂದು ತಿಂದಿದ್ದರೆ ನನ್ನ ಉತ್ತರ ಬೇರೆಯಾಗಿರುತ್ತಿತ್ತು. ನೀವು ಬರೆದಿರುವುದು ಹಾಡಹಗಲು, ಮಗ ಚೆಂಡು ಒದ್ದಾಗ ಕೋಳಿ ಹಾರಿತು, ನಾಯಿ ಹಿಡಿಯಿತು ಎಂದು. ನಮ್ಮ ಸೈಕಲ್ಲಿನಂತೆಯೇ.

ಮಗ ಊಟ ಬಿಟ್ಟಿದ್ದಾನೆ ಎಂದಿರಿ. ಅವನಿಗೆ ಸಂಜೆಯ ಲೆಕ್ಕ ಒಪ್ಪಿಸಿ. ಬೆಳಕು ಕಂದುತ್ತಿದ್ದಂತೆ ಕೋಳಿಗಳು ಯಾರೂ ಕರೆಯದೆ ತಾವಾಗಿ ಗೂಡಿಗೆ ಬರುತ್ತವೆ. ನಿಂತು ಎಣಿಸುವುದು, ಅಗುಳಿ ಹಾಕುವುದು, ಇಷ್ಟೇ ಕೆಲಸ. ನಮ್ಮ ಮಗಳಿಗೆ ಈಗ ಹನ್ನೊಂದು ವರ್ಷ, ಇಂದಿಗೂ ಅವಳೇ ಎಣಿಸುತ್ತಾಳೆ, ಕೊನೆಗೆ ಕೆಂಚನನ್ನೂ ಸೇರಿಸಿ. ಅದಕ್ಕೇ ಅವಳ ಲೆಕ್ಕ ಯಾವಾಗಲೂ ನನ್ನದಕ್ಕಿಂತ ಒಂದು ಹೆಚ್ಚು.

ನಾಯಿ ಈಗ ಎಲ್ಲಿ ಕಟ್ಟಿದ್ದೀರಿ? ಮೊದಲು ಎಲ್ಲಿ ಮಲಗುತ್ತಿತ್ತು? ಇವತ್ತು ಸಂಜೆ ಗೂಡಿನ ಬಾಗಿಲು ಹಾಕಿದ ಮೇಲೆ ಬಗ್ಗಿ, ಅಡಿಯ ಸಂದಿಗೆ ಬೆರಳು ತೂರಿಸಿ ನೋಡಿ. ಎರಡು ಬೆರಳಿಗಿಂತ ಹೆಚ್ಚು ಹೋದರೆ ಕತ್ತಲಾಗುವ ಮೊದಲು ಕಲ್ಲು ಜೋಡಿಸಿ, ಸರಪಳಿ ಬಿಚ್ಚಿ, ಆಮೇಲೆ ಇಲ್ಲಿ ಬಂದು ಉಳಿದದ್ದನ್ನು ಕೇಳಿ.