ತಿಂಗಳಿಗೊಮ್ಮೆ ಕೆಡುವ ಹೊಟ್ಟೆ

ಬದಿಯಡ್ಕ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು: "ಶಾಲೆಯಲ್ಲಿ ಟೀಚರ್ ಆಗಿದ್ದೇನೆ. ಮುಟ್ಟಿಗೆ ನಾಲ್ಕೈದು ದಿನ ಮೊದಲು ಹೊಟ್ಟೆ ಉಬ್ಬಿ ಮಲ ಕಟ್ಟುತ್ತದೆ. ಮುಟ್ಟಾದ ದಿನ ಬೆಳಿಗ್ಗೆ ಮೂರು ನಾಲ್ಕು ಸಲ ಭೇದಿ, ಮೂರನೇ ದಿನಕ್ಕೆ ಸರಿಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಏನಾಗುತ್ತದೋ ಎಂಬ ಹೆದರಿಕೆಗೆ ಆ ದಿನ ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ. ಮೆಡಿಕಲ್‌ನವರು ಗ್ಯಾಸಿನ ಮಾತ್ರೆ ಕೊಡುತ್ತಾರೆ. ಅತ್ತೆ ನಂಜು ಎಂದು ಹಲಸು, ಬದನೆ, ಮೊಸರು ಬಿಡಿಸಿದ್ದಾರೆ. ತಂಗಿ ಮೊಬೈಲಿನಲ್ಲಿ ಒಂದು ಪುಡಿ ತೋರಿಸಿದ್ದಾಳೆ, ಕರುಳು ಶುದ್ಧ ಮಾಡಿ ಹಾರ್ಮೋನ್ ಸರಿ ಮಾಡುತ್ತದಂತೆ. ತರಿಸಲಾ? ಇದು ನನಗೊಬ್ಬಳಿಗೇ ಹೀಗಾ?"

ನಿಮಗೊಬ್ಬರಿಗೇ ಅಲ್ಲ. ತುಂಬ ಹೆಂಗಸರಿಗೆ ಹೀಗಾಗುತ್ತದೆ. ಮುಟ್ಟಿನ ವಿಷಯವನ್ನಾದರೂ ಈಗೀಗ ಬಾಯಿಬಿಟ್ಟು ಹೇಳುತ್ತೇವೆ, ಭೇದಿಯ ವಿಷಯ ಮಾತ್ರ ಅಕ್ಕತಂಗಿಯರ ಹತ್ತಿರವೂ ಹೇಳುವುದಿಲ್ಲ. ಪುಡಿ ತರಿಸಬೇಡಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ದಿನಗಳ ಲೆಕ್ಕ. ಮೊದಲು ಕಟ್ಟುತ್ತದೆ, ಮುಟ್ಟಾದ ದಿನ ಸಡಿಲವಾಗುತ್ತದೆ, ಮೂರನೇ ದಿನಕ್ಕೆ ಸರಿಹೋಗುತ್ತದೆ. ಪ್ರತಿ ತಿಂಗಳೂ ಇದೇ ಕ್ರಮ. ಬರೀ ಗ್ಯಾಸ್ ಆಗಿದ್ದರೆ ಇಷ್ಟು ಲೆಕ್ಕ ಇಟ್ಟುಕೊಂಡು ಬರುತ್ತಿರಲಿಲ್ಲ, ಅಲ್ವಾ?

ಅಂಡಾಶಯದಿಂದ ಅಂಡ ಹೊರಬಿದ್ದ ಮೇಲೆ, ಅಂದರೆ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಇರುವಾಗ, ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಏರತೊಡಗುತ್ತದೆ. ಗರ್ಭಕೋಶದ ಸ್ನಾಯು ಸೆಟೆದುಕೊಳ್ಳದ ಹಾಗೆ ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಹಾಗಾಗಿ ಅದೂ ಸಡಿಲವಾಗುತ್ತದೆ. ಒಳಗಿರುವುದು ನಿಧಾನಕ್ಕೆ ಸಾಗುತ್ತದೆ, ಅಷ್ಟರಲ್ಲಿ ನೀರಿನ ಅಂಶ ಜಾಸ್ತಿ ಹೀರಿಹೋಗುತ್ತದೆ, ಮಲ ಗಟ್ಟಿಯಾಗುತ್ತದೆ. ಬಸುರಿಯರಿಗೆ ಮಲಬದ್ಧತೆ ಆಗುವುದಕ್ಕೂ ಇದೇ ಹಾರ್ಮೋನ್ ಒಂದು ಕಾರಣ.

ಮುಟ್ಟಿನ ಹೊತ್ತಿಗೆ ಪ್ರೊಜೆಸ್ಟರಾನ್ ಇಳಿಯುತ್ತದೆ. ಗರ್ಭಕೋಶದ ಒಳಪದರ ಕಳಚುವಾಗ ಅದರಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಗರ್ಭಕೋಶವನ್ನು ಹಿಂಡಿ ರಕ್ತ ಹೊರಹಾಕಿಸುವುದು ಅದೇ, ಹೊಟ್ಟೆ ಕಿವುಚಿದ ಹಾಗೆ ನೋವು ಬರುವುದೂ ಅದರಿಂದಲೇ. ಕರುಳು ಅಲ್ಲೇ ಪಕ್ಕದಲ್ಲಿದೆ. ಅದಕ್ಕೂ ಇದರ ಪ್ರಭಾವ ತಟ್ಟುತ್ತದೆ, ಅದೂ ಜೋರಾಗಿ ಹಿಂಡಿಕೊಳ್ಳುತ್ತದೆ. ನಿಮ್ಮ ಬೆಳಗಿನ ಮೂರು ನಾಲ್ಕು ಸಲ ಅಂದರೆ ಇದು. ಮೊದಲೇ ಐಬಿಎಸ್ ಇರುವವರಿಗೆ, ಅಂದರೆ ಕರುಳು ಸಣ್ಣಪುಟ್ಟದಕ್ಕೂ ಕೆರಳುವವರಿಗೆ, ಈ ದಿನಗಳಲ್ಲಿ ಇನ್ನೂ ಜಾಸ್ತಿ.

ಮುಟ್ಟಿನ ನೋವಿಗೆ ಕೊಡುವ ಐಬುಪ್ರೊಫೆನ್, ಮೆಫೆನಾಮಿಕ್ ಆ್ಯಸಿಡ್ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಇದೇ ಗುಂಪಿನ ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅದಕ್ಕೇ ಈ ಮಾತ್ರೆಗಳನ್ನು ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಾಗುವಾಗಲೇ ನುಂಗಿದರೆ ಗುಣ ಹೆಚ್ಚು, ಕೆಲವರಿಗೆ ಭೇದಿಯೂ ಕಡಿಮೆಯಾಗುತ್ತದೆ. ಆದರೆ ಖಾಲಿ ಹೊಟ್ಟೆಗೆ ಬೇಡ. ನೀವು ಆ ದಿನ ಏನೂ ತಿನ್ನದೆ ಮಾತ್ರೆಯನ್ನೂ ನುಂಗುವವರಾದರೆ ಹೊಟ್ಟೆಯ ಒಳಗೋಡೆಗೆ ಕಷ್ಟ. ಅಲ್ಸರ್, ಕಿಡ್ನಿ ತೊಂದರೆ, ಅಸ್ತಮಾ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಇನ್ನೊಂದು ವಿಷಯ, ಮೆಫೆನಾಮಿಕ್ ಆ್ಯಸಿಡ್ ಕೆಲವರಿಗೆ ತಾನೇ ಭೇದಿ ಮಾಡಿಸುತ್ತದೆ! ಅದರ ಜೊತೆ ಡೈಸೈಕ್ಲೊಮೀನ್ ಎಂಬ, ಹೊಟ್ಟೆ ಹಿಂಡುವುದನ್ನು ಸಡಿಲಿಸುವ ಔಷಧ ಸೇರಿಸಿದ ಮಾತ್ರೆಯೂ ಅಂಗಡಿಯಲ್ಲಿ ಸಿಗುತ್ತದೆ, ಅದು ಮಲ ಕಟ್ಟಿಸಬಹುದು. ನಿಮ್ಮ ಮನೆಯಲ್ಲಿರುವ ಮಾತ್ರೆ ಪಟ್ಟಿಯ ಹಿಂಭಾಗ ಒಮ್ಮೆ ಓದಿ. ಮೆಫೆನಾಮಿಕ್ ಆ್ಯಸಿಡ್ ತೆಗೆದುಕೊಂಡ ಮೇಲೆ ಮೈಮೇಲೆ ಗುಳ್ಳೆ, ಜ್ವರ, ಕುತ್ತಿಗೆಯಲ್ಲಿ ಗಂಟು ಊದುವುದು ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇಂಥ ಅಲರ್ಜಿಯ ಬಗ್ಗೆ, ಔಷಧಗಳ ಗುಣಮಟ್ಟ ನೋಡಿಕೊಳ್ಳುವ ಕೇಂದ್ರ ಸರಕಾರದ ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ಕೊನೆಯಲ್ಲಿ ಎಚ್ಚರಿಕೆ ಕೊಟ್ಟಿತ್ತು.

ಈಗ ಪುಡಿಯ ಮಾತು. ಮುಟ್ಟು ಕರುಳನ್ನು ಕೆಡಿಸುವ ಹಾಗೆ ಕರುಳೂ ಹಾರ್ಮೋನಿನ ಮೇಲೆ ಕೈಯಾಡಿಸುತ್ತದೆ, ಅದು ಸುಳ್ಳಲ್ಲ. ಬಳಸಿದ ಈಸ್ಟ್ರೋಜನ್ ಹಾರ್ಮೋನನ್ನು ಲಿವರ್ ಪೊಟ್ಟಣ ಕಟ್ಟಿದ ಹಾಗೆ ಕಟ್ಟಿ, ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಬೀಟಾ ಗ್ಲುಕುರೊನಿಡೇಸ್ ಎಂಬ ಕಿಣ್ವದಿಂದ ಅದನ್ನು ಬಿಚ್ಚುತ್ತವೆ. ಬಿಚ್ಚಿದ ಈಸ್ಟ್ರೋಜನ್ ಸ್ವಲ್ಪ ಮತ್ತೆ ರಕ್ತಕ್ಕೆ ಸೇರುತ್ತದೆ. ಇಷ್ಟು ನಿಜ. ಆದರೆ ಇಲ್ಲಿಂದ "ಈ ಡಬ್ಬಿ ತಿಂದರೆ ಮುಟ್ಟು ಸರಿಯಾಗುತ್ತದೆ" ಎಂಬಲ್ಲಿಗೆ ಹಾರುವುದು ವ್ಯಾಪಾರ. ಯಾವ ಬ್ಯಾಕ್ಟೀರಿಯಾ, ಎಷ್ಟು, ಯಾರಿಗೆ ಎಂಬುದು ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಶುದ್ಧ ಮಾಡುತ್ತದೆ ಎನ್ನುವ ಪುಡಿಗಳಲ್ಲಿ ಸೋನಾಮುಖಿಯಂಥ ಭೇದಿ ಮಾಡಿಸುವ ಔಷಧವೂ ಇರುವುದುಂಟು. ಭೇದಿ ಆಗುತ್ತಿರುವವರು ದುಡ್ಡು ಕೊಟ್ಟು ಇನ್ನಷ್ಟು ಭೇದಿ ಮಾಡಿಕೊಳ್ಳಬೇಕಾ?

ಆ ದುಡ್ಡಿಗೆ ತರಕಾರಿ ತನ್ನಿ. ಮಲ ಕಟ್ಟುವ ವಾರದಲ್ಲಿ ಬಾಳೆದಿಂಡಿನ ಪಲ್ಯ, ಹರಿವೆ, ಬಸಳೆ, ಜೊತೆಗೆ ನೀರು. ನಾರು ಜಾಸ್ತಿ ಮಾಡಿ ನೀರು ಕಡಿಮೆ ಕುಡಿದರೆ ಇನ್ನೂ ಗಟ್ಟಿಯಾಗುತ್ತದೆ. ಮುಟ್ಟಾದ ದಿನ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಒಂದು ಬಟ್ಟಲಾದರೂ ಕುಡಿದು ಹೊರಡಿ. ಭೇದಿಯಲ್ಲಿ ಹೋದ ನೀರು, ಉಪ್ಪು ಎರಡೂ ಸ್ವಲ್ಪ ತುಂಬುತ್ತದೆ. ಖಾಲಿ ಹೊಟ್ಟೆಗೆ ಕುಡಿಯುವ ಕಡು ಕಾಫಿ ಕರುಳನ್ನು ಇನ್ನೂ ಓಡಿಸುತ್ತದೆ, ಅದನ್ನು ಆ ಎರಡು ದಿನ ಬಿಟ್ಟು ನೋಡಿ.

ಅತ್ತೆಯವರ ಪಥ್ಯವನ್ನು ಪೂರ್ತಿ ತಳ್ಳಿಹಾಕಲಾರೆ. ಹಲಸಿನ ಬೀಜ, ಕಡಲೆ ತಿಂದರೆ ಗಾಳಿ ತುಂಬುವುದು ನಮಗೆಲ್ಲ ಗೊತ್ತು. ಕರುಳು ನಿಧಾನವಾಗಿರುವ ವಾರದಲ್ಲಿ ಅದು ಜಾಸ್ತಿ ಕಾಡುತ್ತದೆ. ಅಷ್ಟು ದಿನ ಕಡಿಮೆ ಮಾಡಿದರೆ ಸಾಕು, ವರ್ಷಪೂರ್ತಿ ಬಿಡಬೇಕಿಲ್ಲ. ಮೊಸರು ಬಿಡಿಸಿದ್ದು ಮಾತ್ರ ನನಗೆ ಒಪ್ಪಿಗೆ ಇಲ್ಲ. ಮೊಸರು, ಮಜ್ಜಿಗೆ ನಿಮಗೆ ಒಗ್ಗುವುದಾದರೆ ಮುಟ್ಟಿನ ಕಾರಣಕ್ಕೆ ದೂರ ಇಡಬೇಕಿಲ್ಲ. ಹೇಗೂ ಅದರಲ್ಲೂ ಬ್ಯಾಕ್ಟೀರಿಯಾ ಇದೆ, ಡಬ್ಬಿಯ ಬೆಲೆ ಇಲ್ಲ!

ನಿಮ್ಮ ಮನೆಯಲ್ಲಿ ಯಾರಾದರೂ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಇದನ್ನು ತಿಳಿಸಿ: ಜೋರು ಭೇದಿ, ವಾಂತಿ ಇರುವಾಗ ಆ ಮಾತ್ರೆ ಮೈಗೆ ಸರಿಯಾಗಿ ಹತ್ತದೇ ಇರಬಹುದು.

ಇಷ್ಟು ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತರೆ ಚುಚ್ಚಿದ ಹಾಗೆ ನೋವು, ಮಲದಲ್ಲಿ ರಕ್ತ, ಗಂಡ ಹೆಂಡತಿ ಸೇರುವಾಗ ಒಳಗೆ ನೋವು, ಕೆಲಸಕ್ಕೆ ಹೋಗಲಾರದಷ್ಟು ಹೊಟ್ಟೆನೋವು ಇದ್ದರೆ ಅದು ಎಂಡೋಮೆಟ್ರಿಯೋಸಿಸ್ ಆಗಿರಬಹುದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ, ಕೆಲವರಿಗೆ ಕರುಳಿನ ಮೇಲೆಯೇ, ಬೆಳೆಯುವ ಕಾಯಿಲೆ ಅದು. ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು 10 ಶೇಕಡಾ ಮಂದಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೊತ್ತಾಗುವಷ್ಟರಲ್ಲಿ ವರ್ಷಗಟ್ಟಲೆ ಗ್ಯಾಸಿನ ಮಾತ್ರೆಯಲ್ಲೇ ಕಳೆದುಹೋಗಿರುತ್ತದೆ. ಮುಟ್ಟಿಗೆ ಸಂಬಂಧವೇ ಇಲ್ಲದೆ ವಾರಗಟ್ಟಲೆ ಭೇದಿ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೂ ತೋರಿಸಲೇಬೇಕು. ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಟ್ಟೇ ಏರುಪೇರಾಗುವುದೂ ಉಂಟು.

ಡಾಕ್ಟರ ಹತ್ತಿರ ಹೋಗುವಾಗ ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಮೂರು ತಿಂಗಳು ಗುರುತು ಹಾಕಿ: ಮುಟ್ಟು ಯಾವತ್ತು, ಮಲ ಕಟ್ಟಿದ್ದು ಯಾವತ್ತು, ಭೇದಿ ಎಷ್ಟು ಸಲ, ನೋವು ಎಷ್ಟು ಹೊತ್ತು. ನಮ್ಮ ಕಾಸರಗೋಡಿನಲ್ಲಿ ಕೂತ ಡಾಕ್ಟರಿಗೆ ಕನ್ನಡ ಬರುತ್ತದೋ ಇಲ್ಲವೋ, ನಮ್ಮ ಮಲಯಾಳ ಇಂಥ ವಿಷಯ ಬಿಡಿಸಿ ಹೇಳುವಷ್ಟು ಬರುತ್ತದೋ ಇಲ್ಲವೋ. ಹಾಳೆ ಮುಂದಿಟ್ಟರೆ ಅರ್ಧ ಮಾತು ಉಳಿಯುತ್ತದೆ. ಹೊಟ್ಟೆಯ ಡಾಕ್ಟರಿಗೆ ಮುಟ್ಟಿನ ವಿಷಯ, ಹೆಂಗಸರ ಡಾಕ್ಟರಿಗೆ ಭೇದಿಯ ವಿಷಯ ತಪ್ಪದೆ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಪತ್ರದ ಕೊನೆಗೆ, ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಮಲ ಕಪ್ಪಾಗಿದೆ, ನಿಲ್ಲಿಸಲಾ ಎಂದು ಕೇಳಿದ್ದೀರಿ. ನಿಲ್ಲಿಸಬೇಡಿ. ಆ ಮಾತ್ರೆಗೆ ಮಲ ಕಪ್ಪಾಗುವುದು ಸಹಜ, ಕಟ್ಟುವುದೂ ಸಹಜ. ಮುಟ್ಟಿನ ಮುಂಚಿನ ವಾರ ನಿಮಗೆ ಅದೇ ದುಪ್ಪಟ್ಟಾಗಿರಬಹುದು. ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ, ಕೆಲವರಿಗೆ ಹಾಗೆ ಬರೆದುಕೊಡುತ್ತಾರೆ. ಚಹಾದ ಜೊತೆ ನುಂಗಬೇಡಿ, ಲಿಂಬೆ ಶರಬತ್ತಿನ ಜೊತೆ ಆಗಬಹುದು. ಮಾತ್ರೆ ಇರಲಿ ಇಲ್ಲದಿರಲಿ, ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋದರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೋಗಿ.

– ಸಂ.