ಮಾತು ಕಡಿಮೆ ಇರುವವರು ಮಾರಾಟದ ಕೆಲಸ ಮಾಡಬಹುದೇ?

"ನನಗೆ ಮಾತು ಕಡಿಮೆ. ಕೀಟನಾಶಕ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಸಿಕ್ಕಿದೆ. ನಿಭಾಯಿಸಬಲ್ಲೆನೇ?" ಎಂದು ಕೇಳಿದ್ದೀರಿ. ರಾಯಚೂರಿನಲ್ಲಿ ಬೀಜ, ಗೊಬ್ಬರ, ಔಷಧಿಯ ಅಂಗಡಿ ನಡೆಸುವವನಾಗಿ ಹೇಳುತ್ತೇನೆ, ಧಾರಾಳವಾಗಿ ನಿಭಾಯಿಸಬಹುದು. ಆದರೆ ಸುಮ್ಮನಿದ್ದರೆ ಸಾಕು, ಎದುರಿನವರ ಮಾತು ಕೇಳಿಸಿಕೊಂಡಂತಾಯಿತು ಎಂದುಕೊಳ್ಳಬೇಡಿ. ಗೋಡೆಯೂ ಸುಮ್ಮನಿರುತ್ತದೆ.

ನವೆಂಬರ್ ಹೊತ್ತಿಗೆ ನಮ್ಮಲ್ಲಿಗೆ ಬರುವವರು ಹೇಳುವುದು ಒಂದೇ: "ಹತ್ತಿ ಎಲೆ ಕೆಂಪಾಗಿದೆ, ಔಷಧಿ ಕೊಡಿ." ಮಾತುಗಾರರು ಅಷ್ಟಕ್ಕೇ ಬಾಟಲಿ ತೆಗೆದಿಡುತ್ತಾರೆ. ಎಲೆಯ ಅಂಚು ಹಳದಿಯಾಗಿ, ಕೆಳಕ್ಕೆ ಮುದುಡಿ, ಆಮೇಲೆ ಕೆಂಪಾಗಿದ್ದರೆ ಅದು ಜಿಗಿಹುಳುವಿನ ಕೆಲಸ. ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಕೆಂಪಾಗಿದ್ದರೆ, ಅದೂ ಕೆಳಗಿನ ಹಳೆಯ ಎಲೆಗಳಿಂದ ಶುರುವಾಗಿದ್ದರೆ, ಮೆಗ್ನೀಸಿಯಂ ಕೊರತೆ; ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಬೇಕು. ಎರೆ ಭೂಮಿಯಲ್ಲಿ ನೀರು ನಿಂತರೂ ಕೆಂಪಾಗುತ್ತದೆ, ರಾತ್ರಿ ಚಳಿ ಹೆಚ್ಚಿದರೂ ಕೆಂಪಾಗುತ್ತದೆ. ಇಷ್ಟರಲ್ಲಿ ಕೀಟನಾಶಕ ಬೇಕಾಗುವುದು ಜಿಗಿಹುಳುವಿಗೆ ಮಾತ್ರ.

ಹಾಗಾಗಿ ಯಾವ ಎಲೆ ಮೊದಲು ಕೆಂಪಾಯಿತು, ಹೊಲದ ಯಾವ ಕಡೆ ಎಂದು ವಿಚಾರಿಸಿ ಬಾಯಿ ಮುಚ್ಚುತ್ತೇನೆ. ಉತ್ತರ ನೇರವಾಗಿ ಬರುವುದಿಲ್ಲ. ಅಳಿಯನ ಟ್ರ್ಯಾಕ್ಟರ್ ಕಂತು, ಹೋದ ವರ್ಷದ ದರ, ಗಡಿಯಾಚೆ ಬೀಗರು ಹಾಕಿದ ಬೀಜ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಎಲ್ಲವೂ ಬರುತ್ತವೆ. ನಡುವೆ ಬಾಯಿ ಹಾಕಿದಿರೋ, "ಏನಾದರೂ ಕೊಡಿ, ಹೊತ್ತಾಯಿತು" ಎನ್ನುತ್ತಾರೆ. ಬೇಕಾದ ಸಂಗತಿ ಹೊರಬೀಳುವುದು ಅವರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವಾಗ: "ಬದುವಿನ ಪಕ್ಕದ ತಗ್ಗಿನಲ್ಲಿ ಮಾತ್ರ ಹೀಗಾಗಿದೆ ನೋಡಿ." ನೀರು ಬಸಿದು ಹೋಗುವಂತೆ ಮಾಡಿ ಎಂದು ಹೇಳಿ ಕಳುಹಿಸುತ್ತೇನೆ. ಅವತ್ತಿನ ವ್ಯಾಪಾರ ಹೋಯಿತು, ನಿಜ. ಮುಂಗಾರಿಗೆ ಬೀಜ ಕೊಳ್ಳಲು ಅವರು ಬೇರೆ ಅಂಗಡಿ ಹತ್ತುವುದಿಲ್ಲ.

ಗಂಡನ ಜೊತೆ ಬಂದು ಬಾಗಿಲ ಬಳಿಯೇ ನಿಲ್ಲುವ ಹೆಣ್ಣುಮಗಳನ್ನೂ ಮಾತನಾಡಿಸಿ. ಕಳೆ ತೆಗೆಯುವವರು, ಹತ್ತಿ ಬಿಡಿಸುವವರು ಅವರೇ. ಒಂದೊಂದು ಸಾಲೂ ಅವರ ಕಣ್ಣಿಗೆ ಬಿದ್ದಿರುತ್ತದೆ. ಕಂಪನಿಗಳ ತರಬೇತಿಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿದ್ದನ್ನು ನಾನು ಕಂಡಿಲ್ಲ. ಅಲ್ಲಿ ಕಲಿಸುವುದು ಬರೀ ಮಾತು.

ಹಾಗೆಂದು ಎಲ್ಲದಕ್ಕೂ ತಲೆಯಾಡಿಸುತ್ತಾ ಕೂರಬೇಡಿ. ಮೂರು ಔಷಧಿಯನ್ನು ಒಂದೇ ಟ್ಯಾಂಕಿಗೆ ಸುರಿಯುತ್ತೇನೆ, ಅಳತೆ ದುಪ್ಪಟ್ಟು ಮಾಡುತ್ತೇನೆ, ಮುಖಕ್ಕೆ ಬಟ್ಟೆ ಬೇಡ ಎನ್ನುವವರ ಮುಂದೆ ತಾಳ್ಮೆಗೆ ಅರ್ಥವಿಲ್ಲ. ಅವರು ಹಿರಿಯರೇ ಇರಲಿ, ಮಾತು ತಡೆದು ದನಿ ಏರಿಸಿ ಹೇಳಿ. ನಿಮ್ಮಂಥವರಿಗೆ ಈ ಕೆಲಸದಲ್ಲಿ ಕಷ್ಟವೆನಿಸುವುದು ಅದೊಂದೇ. ಈಗಿನಿಂದಲೇ ರೂಢಿ ಮಾಡಿಕೊಳ್ಳಿ.